ಕತ್ತಿಯ ಅಲಗು ಮತ್ತು ಕ್ಷ-ಕಿರಣ

ಶಿರಸಿ ಸೀಮೆಯ ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ದಿನ ಅಪ್ಪಯ್ಯ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕದಡಿ, ಅದನ್ನು ಮರ ಹತ್ತಿ ಹೊಡೆಯುವ ಕೊನೆಗೌಡನಿಗೆ ಒಪ್ಪಿಸುವ ಮೊದಲು ಕತ್ತಿಯ ಅಲಗನ್ನು ಅದ್ದಿ ನೋಡುತ್ತಿದ್ದರು. ಅಲಗು ಕೆಂಪಾದರೆ, "ಸುಣ್ಣ ಸಾಕಾಜಿಲ್ಲೆ ತಮಾ, ಇನ್ನೂ ಸ್ವಲ್ಪ ಹಾಕು" ಎನ್ನುತ್ತಿದ್ದರು. ಸುಣ್ಣಕ್ಕೆ ಸಿಗದೆ ಬಿಡಿಯಾಗಿ ಉಳಿದ ತಾಮ್ರವೇ ಕಬ್ಬಿಣದ ಮೇಲೆ ಕೂರುತ್ತದೆ, ಎಳೆಯ ಕಾಯನ್ನು ಸುಡುವುದೂ ಅದೇ. ತಾಮ್ರ ಯಾವ ರೂಪದಲ್ಲಿದೆ ಎಂಬುದನ್ನು ಆ ಕತ್ತಿ ತೋರಿಸುತ್ತಿತ್ತು. ನಾನು ಇಪ್ಪತ್ತೆರಡು ವರ್ಷಗಳಿಂದ ಕ್ಷ-ಕಿರಣಗಳ ನೆರವಿನಿಂದ ಹುಡುಕುತ್ತಿರುವುದೂ ಅದನ್ನೇ.

ಜೀವಿಗಳಲ್ಲಿರುವ ಲೋಹವನ್ನು ಅಳೆಯಲು ಮಾದರಿಯನ್ನು ಆಮ್ಲದಲ್ಲಿ ಕರಗಿಸಿದರೆ ಒಟ್ಟು ಮೊತ್ತ ತಿಳಿಯುತ್ತದೆ, ಆದರೆ ಅದು ಸಿಪ್ಪೆಯಲ್ಲಿತ್ತೋ ತಿರುಳಿನಲ್ಲಿತ್ತೋ ಎಂಬ ಗುರುತು ಅಳಿಸಿಹೋಗುತ್ತದೆ. ಇಂದೋರಿನ ಇಂಡಸ್-2 ಯಂತ್ರದ, ಸುಮಾರು 172 ಮೀಟರ್ ಸುತ್ತಳತೆಯ ಉಂಗುರದಲ್ಲಿ ಎಲೆಕ್ಟ್ರಾನುಗಳು ಸುತ್ತುವಾಗ ಹೊಮ್ಮುವ ಕ್ಷ-ಕಿರಣವನ್ನು ಕೂದಲೆಳೆಗಿಂತ ಸಣ್ಣ ಚುಕ್ಕೆಯಾಗಿಸಿ ಅಡಿಕೆಯ ತೆಳುಹೋಳಿನ ಮೇಲೆ ಹಾಯಿಸಿದರೆ, ಪ್ರತಿ ಲೋಹವೂ ತನ್ನದೇ ಶಕ್ತಿಯ ಕಿರಣವನ್ನು ಮರಳಿ ಸೂಸುತ್ತದೆ: ಕಬ್ಬಿಣದ್ದು 6.40, ತಾಮ್ರದ್ದು 8.05, ಸತುವಿನದು 8.64 ಕಿಲೋ ಎಲೆಕ್ಟ್ರಾನ್ ವೋಲ್ಟ್. ಈ ಅಂಕಿಗಳ ಹಿಂದಿನ ಕ್ರಮವನ್ನು 1913ರಲ್ಲಿ ಕಂಡುಕೊಟ್ಟವರು ಬ್ರಿಟನ್ನಿನ ಭೌತವಿಜ್ಞಾನಿ ಹೆನ್ರಿ ಮೋಸ್ಲಿ.

ರೂಪವನ್ನು ಗುರುತಿಸುವುದು ಇನ್ನೂ ಸೂಕ್ಷ್ಮವಾದ ಕೆಲಸ. ಕಿರಣದ ಶಕ್ತಿಯನ್ನು, ತಾಮ್ರ ಅದನ್ನು ಒಮ್ಮೆಲೇ ಹೆಚ್ಚು ಹೀರತೊಡಗುವ 8979 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಲ್ಲಿ ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದಾಗ, ಒಂದು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರ 8983ರ ಹತ್ತಿರ ಹೀರಿಕೆಯ ಗೆರೆಯಲ್ಲಿ ಒಂದು ಉಬ್ಬನ್ನು ತೋರಿಸುತ್ತದೆ. ಎರಡನ್ನು ಕಳೆದುಕೊಂಡದ್ದು ಅಲ್ಲಿ ಅಂಥ ಉಬ್ಬನ್ನು ತೋರಿಸುವುದಿಲ್ಲ. ಮೊದಲ ವರ್ಷಗಳಲ್ಲಿ ನನಗೆ ಎಲ್ಲ ಹೋಳುಗಳಲ್ಲೂ ಆ ಉಬ್ಬು ಕಂಡಿತ್ತು, ಅದನ್ನು ಅಡಿಕೆಯ ಗುಣವೆಂದೇ ನಂಬಿದ್ದೆ. ಅದೇ ಜಾಗವನ್ನು ಮತ್ತೆ ಮತ್ತೆ ಅಳೆದಾಗ ಉಬ್ಬು ಬೆಳೆಯುತ್ತ ಹೋಯಿತು: ನಾನು ಹಾಯಿಸಿದ ಕಿರಣವೇ ತಾಮ್ರದ ರೂಪವನ್ನು ಬದಲಿಸುತ್ತಿತ್ತು. ಒಂದೂವರೆ ವರ್ಷದ ಅಳತೆಗಳನ್ನು ಕೈಬಿಟ್ಟು, ಮಾದರಿಗಳನ್ನು ದ್ರವ ಸಾರಜನಕದಲ್ಲಿ ತಣಿಸಿ, ಒಂದೊಂದು ಚುಕ್ಕೆಗೂ ಕೆಲವೇ ಕ್ಷಣ ಕಿರಣ ತಾಗಿಸಿ ಮೊದಲಿನಿಂದ ಆರಂಭಿಸಿದೆ.

ಅಡಿಕೆ ಜಗಿಯುವವರ ಬಾಯಿಯ ಒಳಪದರ ಬಿಗಿಯುವ ಕಾಯಿಲೆಯಲ್ಲಿ ತಾಮ್ರದ ಪಾತ್ರವೂ ಇರಬಹುದೆಂದು ವೈದ್ಯ ವಿಜ್ಞಾನಿಗಳು ಶಂಕಿಸುತ್ತಾರೆ, ಏಕೆಂದರೆ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ತಾಮ್ರವಿಲ್ಲದೆ ಕೆಲಸ ಮಾಡದು. ಈ ಬೆಳೆಯೇ ನನ್ನ ಓದಿನ ಖರ್ಚನ್ನು ಭರಿಸಿದ್ದರಿಂದ ಈ ವಿಷಯವನ್ನು ಬದಿಗಿಡಲು ನನಗೆ ಸಾಧ್ಯವಾಗಲಿಲ್ಲ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಅಪ್ಪಯ್ಯನಿಗೆ ಅಡಿಕೆ ಹೋಳಿನ ತಾಮ್ರದ ನಕ್ಷೆಯನ್ನು ತೋರಿಸಿದೆ. ಬಹಳ ಹೊತ್ತು ನೋಡಿದ ಅವರು ನಕ್ಷೆಯನ್ನು ಒದ್ದೆಯಿಲ್ಲದ ಕೈಯಿಂದಲೇ ಹಿಡಿದು ಒಳಗಿಟ್ಟು ಬಂದು, ಕತ್ತಿಯನ್ನು ನನ್ನ ಕೈಗೆ ಕೊಟ್ಟು, ಅಂದಿನ ದ್ರಾವಣವನ್ನು ನೋಡಲು ಹೇಳಿದರು.