ಕ್ರ್ಯಾಶ್ ಆಗಿದ್ದು ಯಾವುದು?

ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಸಿಎಇ ವಿಭಾಗದಲ್ಲಿ, ಅಂದರೆ ಕಾರಿನ ಪರೀಕ್ಷೆಗಳನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ನೋಡುವ ವಿಭಾಗದಲ್ಲಿ, ‘ಕ್ರ್ಯಾಶ್’ ಎಂಬ ಮಾತು ದಿನವಿಡೀ ಕಿವಿಗೆ ಬೀಳುತ್ತಿರುತ್ತದೆ. ಕಾರು ತಡೆಗೋಡೆಗೆ ಅಪ್ಪಳಿಸುವುದೂ ಕ್ರ್ಯಾಶ್, ಆ ಅಪ್ಪಳಿಕೆಯನ್ನು ಲೆಕ್ಕ ಹಾಕುತ್ತಿರುವ ಸಾಲ್ವರ್ ಎಂಬ ತಂತ್ರಾಂಶ ನಡುದಾರಿಯಲ್ಲಿ ನಿಂತುಹೋಗುವುದೂ ಕ್ರ್ಯಾಶ್, ಮೆಶ್ (ಕಾರನ್ನು ಎಲಿಮೆಂಟ್ ಎಂಬ ಸಣ್ಣ ತುಣುಕುಗಳಾಗಿ ಒಡೆದ ಕಂಪ್ಯೂಟರ್ ಮಾದರಿ) ತಿದ್ದುತ್ತಿರುವಾಗ ವರ್ಕ್‌ಸ್ಟೇಷನ್ ಸ್ತಬ್ಧವಾದರೆ ಅದೂ ಕ್ರ್ಯಾಶ್. ಪ್ರೋಗ್ರಾಂ ಮ್ಯಾನೇಜರುಗಳು ‘ಶೆಡ್ಯೂಲ್ ಕ್ರ್ಯಾಶ್ ಮಾಡಿ’ ಎಂದರೆ ಹೆಚ್ಚು ಜನರನ್ನೂ ಹೆಚ್ಚು ಹಣವನ್ನೂ ಹಾಕಿ ಅವಧಿಯನ್ನು ಕುಗ್ಗಿಸಿ ಎಂದರ್ಥ. ಒಳಗಿನವರಿಗೆ ಇದರಿಂದ ತೊಂದರೆಯಾಗುವುದಿಲ್ಲ. ಆದರೆ ನಮ್ಮ ಮೇಲ್‌ಗಳನ್ನು ಓದಿ ಹಣ ಖರ್ಚು ಮಾಡುವವರು ಒಳಗಿನವರಲ್ಲ.

ಇದು ನಮಗೆ ಮನವರಿಕೆಯಾದ ದಿನ ಕೈಯಲ್ಲಿದ್ದದ್ದು ಫ್ರಂಟಲ್ ಆಫ್‌ಸೆಟ್ ಲೋಡ್‌ಕೇಸ್. 2023ರ ಅಕ್ಟೋಬರ್ 1ರಂದು ಕಾರುಗಳಿಗೆ ಸುರಕ್ಷತಾ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಜಾರಿಗೆ ಬಂದಮೇಲೆ, ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರಿನ ಅಗಲದ ಶೇ. 40ರಷ್ಟು ಭಾಗ ಮಾತ್ರ ತಡೆಗೋಡೆಗೆ ತಾಗುವ ಈ ಪರೀಕ್ಷೆಯೇ ನಮ್ಮ ಬಹುಪಾಲು ಕೆಲಸವಾಗಿದೆ. ಕಡ್ಡಾಯ ನಿಯಮವಾದ ಎಐಎಸ್-098ರಲ್ಲಿ ಇದೇ ಬಗೆಯ ಪರೀಕ್ಷೆಯ ವೇಗ 56 ಕಿ.ಮೀ. ಎಂಟು ಕಿಲೋಮೀಟರಿನ ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಬಾಡಿ ಹೀರಬೇಕಾದ ಶಕ್ತಿ ಸುಮಾರು ಶೇ. 30ರಷ್ಟು ಹೆಚ್ಚುತ್ತದೆ. ಹಾಗಾಗಿ ಮುಂಭಾಗದ ಲಾಂಗ್ ಮೆಂಬರಿನ (ಉದ್ದಕ್ಕೆ ಚಾಚಿದ ಉಕ್ಕಿನ ತೊಲೆಯ) ಗೇಜ್, ಅಂದರೆ ತಗಡಿನ ದಪ್ಪ, ಸಾಕೇ ಸಾಲದೇ ಎಂಬ ಆತಂಕ ಕಾರಿನ ಲೋಹದ ಬಾಡಿಯನ್ನು ವಿನ್ಯಾಸ ಮಾಡುವ ಬಿಐಡಬ್ಲ್ಯು ತಂಡದವರಿಗೆ ಮೊದಲಿನಿಂದಲೂ ಇತ್ತು.

ಅಂದು ಬೆಳಿಗ್ಗೆ ನಮ್ಮ ತಂಡದಿಂದ ಹೊರಟ ಸ್ಟೇಟಸ್ ಮೇಲ್‌ನಲ್ಲಿ ಇದ್ದದ್ದು ಒಂದೇ ಸಾಲು: ಓಡಿಬಿ ರನ್ 42 ಮಿಲಿಸೆಕೆಂಡಿನಲ್ಲಿ ಕ್ರ್ಯಾಶ್ ಆಗಿದೆ, ಪರಿಶೀಲನೆ ನಡೆದಿದೆ. (ಓಡಿಬಿ ಎಂದರೆ ಇದೇ ಆಫ್‌ಸೆಟ್ ಪರೀಕ್ಷೆ, ರನ್ ಎಂದರೆ ಸಾಲ್ವರ್ ಮಾಡುವ ಅದರ ಒಂದು ಲೆಕ್ಕ.) ಕಳುಹಿಸುವ ಮೊದಲು ಅದನ್ನು ನಾನೂ ಓದಿದ್ದೆ. ಮಿಲಿಸೆಕೆಂಡನ್ನು ನಮೂದಿಸಿದ್ದರಿಂದ ವಿಷಯ ಸ್ಪಷ್ಟವಾಗಿದೆ ಎಂದೇ ಭಾವಿಸಿದ್ದೆ. ಆದರೆ ಗೊಂದಲವನ್ನು ಗಟ್ಟಿ ಮಾಡಿದ್ದು ಆ ಸಂಖ್ಯೆಯೇ. ಬಂಪರಿನ ಹಿಂದಿರುವ ಕ್ರ್ಯಾಶ್ ಬಾಕ್ಸ್ ಪೂರ್ತಿ ಮಡಚಿ ಮುಗಿದು, ಎಂಜಿನ್ ಹಿಂದಕ್ಕೆ ಸರಿಯತೊಡಗಿ, ಲಾಂಗ್ ಮೆಂಬರಿನ ಮೇಲೆ ಭಾರ ಬೀಳುವುದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ಲಾಂಗ್ ಮೆಂಬರ್ ಬಾಗೀತೆಂದು ಮೊದಲೇ ಅಂಜಿದ್ದ ಡಿಸೈನರ್‌ಗೆ ಆ ಸಾಲು ತನ್ನ ಅಂಜಿಕೆಯ ದೃಢೀಕರಣವಾಗಿಯೇ ಕಂಡಿತು.

ಹತ್ತು ಗಂಟೆ ದಾಟಿದ ಮೇಲೆ ಬಿಐಡಬ್ಲ್ಯು ತಂಡದ ಹಿರಿಯರೊಬ್ಬರ ಫೋನ್ ಬಂತು. ಅವರು ವಿಜಯಪುರದ ಕಡೆಯವರು. ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಾರೆ.

“ಏನ್ರೀ, ಲಾಂಗ್ ಮೆಂಬರ್ ಕುಸದೈತಿ ಅಂತ ಒಂದು ಫೋನರ ಮಾಡಬಾರದೇನ್ರಿ? ಗೇಜ್ ಏರಸಾಕ ಇಸಿಎನ್ ಬರದು ಇಟ್ಟೀವಿ. ಹನ್ನೊಂದಕ್ಕ ಭೋಸರಿಗೆ ಹೊಂಟೈತಿ.”

“ಕುಸಿದಿದೆ ಅಂತ ಯಾರು ಹೇಳಿದ್ರು ಸರ್?”

“ನೀವ ಬರದೀರಲ್ರಿ, ಕ್ರ್ಯಾಶ್ ಆಗೇತಿ ಅಂತ!”

ಇಸಿಎನ್ ಎಂದರೆ ವಿನ್ಯಾಸ ಬದಲಾವಣೆಯ ಅಧಿಕೃತ ಸೂಚನೆ. ಭೋಸರಿಯ ಟೂಲ್ ರೂಮಿನಲ್ಲಿ ಆ ಭಾಗದ ಡೈ, ಅಂದರೆ ತಗಡನ್ನು ಒತ್ತಿ ಆಕಾರ ಕೊಡುವ ಅಚ್ಚು, ಸಿದ್ಧವಾಗುತ್ತಿತ್ತು. ತಗಡಿನ ದಪ್ಪ 1.4ರಿಂದ 1.6 ಮಿ.ಮೀ.ಗೆ ಏರಿದರೆ ಪಂಚ್ ಮತ್ತು ಡೈ ನಡುವಣ ಕ್ಲಿಯರೆನ್ಸ್ ಬದಲಾಗಬೇಕು, ಕಾರಿನ ತೂಕ ಏರುತ್ತದೆ, ವೆಲ್ಡ್ ಪ್ಯಾರಾಮೀಟರುಗಳನ್ನು ಮತ್ತೆ ನೋಡಬೇಕಾಗುತ್ತದೆ. ‘ಅದು ಬರೀ ಸಾಲ್ವರ್ ಎರರ್ ಸರ್, ಬಿಟ್ಟುಬಿಡಿ’ ಎಂದು ಹೇಳಿ ಫೋನ್ ಇಡುವಂತೆಯೂ ಇರಲಿಲ್ಲ. ಲೋಹ ನಿಜವಾಗಿಯೂ ವಿಪರೀತ ತಿರುಚಿಕೊಂಡಾಗಲೂ ಲೆಕ್ಕ ಕೆಟ್ಟು ರನ್ ನಿಲ್ಲಬಹುದು. ರನ್ ಯಾಕೆ ನಿಂತಿತು, ನಿಲ್ಲುವ ಹೊತ್ತಿಗೆ ಲಾಂಗ್ ಮೆಂಬರ್ ಯಾವ ಸ್ಥಿತಿಯಲ್ಲಿತ್ತು ಎಂಬ ಎರಡು ಪ್ರಶ್ನೆಗಳಿಗೂ ಹನ್ನೊಂದರೊಳಗೆ ಉತ್ತರ ಬೇಕಿತ್ತು.

ಫಲಿತಾಂಶ ತೋರಿಸುವ ತಂತ್ರಾಂಶವಾದ ಪೋಸ್ಟ್-ಪ್ರೊಸೆಸರ್ ತೆರೆಯಲು ಹೋದರೆ ಲೈಸೆನ್ಸ್ ಒಂದೂ ಉಳಿದಿರಲಿಲ್ಲ. ಕೋಟ್ಯಂತರ ರೂಪಾಯಿಯ ಡೈಗಳ ಭವಿಷ್ಯ ನಿರ್ಧರಿಸುವ ವಿಭಾಗದಲ್ಲಿ ಲೈಸೆನ್ಸ್‌ಗಾಗಿ ಸರದಿ ಕಾಯುವ ಸ್ಥಿತಿಯನ್ನು ಆಡಳಿತ ವರ್ಗ ಇಂದಿಗೂ ಸರಿಪಡಿಸಿಲ್ಲ. ಈ ಬಗ್ಗೆ ನನಗೆ ನಿಜವಾದ ಕೋಪವಿದೆ. ಕಾರಿನ ಸದ್ದು, ಕಂಪನಗಳನ್ನು ನೋಡಿಕೊಳ್ಳುವ ಎನ್‌ವಿಎಚ್ ತಂಡದವರನ್ನು ಬೇಡಿಕೊಂಡು ಒಂದು ಲೈಸೆನ್ಸ್ ಬಿಡಿಸುವಷ್ಟರಲ್ಲಿ ಲಾಗ್ ಫೈಲಿನ ಕೊನೆಯನ್ನು ಟೆಕ್ಸ್ಟ್ ಎಡಿಟರ್‌ನಲ್ಲೇ ನೋಡಿದೆವು. ನಮ್ಮ ಸಾಲ್ವರ್ ಎಲ್ಎಸ್-ಡೈನಾ ಕೆಲಸ ಮುಗಿಸಿದಾಗ ‘ನಾ ರ್ಮ ಲ್ ಟ ರ್ಮಿ ನೇ ಷ ನ್’ ಎಂದು ಅಕ್ಷರಗಳನ್ನು ಬಿಡಿಬಿಡಿಯಾಗಿ ಅಚ್ಚು ಹಾಕುತ್ತದೆ. ಇಲ್ಲಿ ಅದೇ ಜಾಗದಲ್ಲಿ ‘ಎರರ್’ ಎಂದಿತ್ತು. ಅದರ ಮೇಲಿನ ಸಾಲುಗಳಲ್ಲಿ ನೆಗೆಟಿವ್ ವಾಲ್ಯೂಮ್ ಎಂಬ ದೂರು, ಮುಂದೆ ಒಂದು ಸಾಲಿಡ್ ಎಲಿಮೆಂಟಿನ ಸಂಖ್ಯೆ. ಆ ಎಲಿಮೆಂಟ್ ಕಾರಿನದ್ದಾಗಿರಲಿಲ್ಲ. ತಡೆಗೋಡೆಯ ಮುಂಭಾಗದಲ್ಲಿರುವ ಜೇನುಗೂಡಿನಂಥ ಅಲ್ಯೂಮಿನಿಯಂ ಹನಿಕೋಂಬ್‌ನದ್ದು. ವಿಪರೀತ ಅದುಮಿಕೊಂಡು, ಲೆಕ್ಕದಲ್ಲಿ ಒಳಹೊರಗಾಗಿ ಮಗುಚಿಕೊಂಡಿತ್ತು.

ಆ್ಯನಿಮೇಷನ್ ತೆರೆದಾಗ ಕೊನೆಯ ಫ್ರೇಮಿನಲ್ಲಿ ಲಾಂಗ್ ಮೆಂಬರಿನ ತುದಿ ಹಾರ್ಮೋನಿಯಂ ತಿದಿಯ ಹಾಗೆ ಒಂದರ ಹಿಂದೊಂದು ಸಮನಾದ ಮಡಿಕೆಗಳಾಗಿ ಮಡಚಿಕೊಂಡಿತ್ತು. ಹಿಂಬದಿಯಲ್ಲಿ ಬಾಗಿದ ಗುರುತಿರಲಿಲ್ಲ. ಇಸಿಎನ್ ತಡೆಹಿಡಿಯಬೇಕೆಂದು ಫೋನ್ ಮಾಡಿದಾಗ ಹನ್ನೊಂದಕ್ಕೆ ಕೆಲವೇ ನಿಮಿಷಗಳಿದ್ದವು.

ಆ ಮಡಿಕೆಗಳ ಬಗ್ಗೆ ಇನ್ನಷ್ಟು ಹೇಳಬೇಕು. ಕುಸಿಯುವುದು ಕೆಟ್ಟದ್ದೆಂಬ ಸಾಮಾನ್ಯ ಗ್ರಹಿಕೆ ನಮ್ಮ ಕೆಲಸದಲ್ಲಿ ಅರ್ಧ ಮಾತ್ರ ನಿಜ. ಪ್ರಯಾಣಿಕರ ಕೋಣೆ ಗಟ್ಟಿಯಾಗಿದ್ದು, ಅದರ ಹಿಂದುಮುಂದಿನ ಭಾಗಗಳು ಕುಸಿದು ಶಕ್ತಿಯನ್ನು ಹೀರಬೇಕೆಂಬ ವಿಚಾರಕ್ಕೆ ಮರ್ಸಿಡಿಸ್‌ನ ಬೇಲಾ ಬರೇನಿ 1950ರ ದಶಕದ ಆರಂಭದಲ್ಲೇ ಪೇಟೆಂಟ್ ಪಡೆದಿದ್ದರು. 1959ರಲ್ಲಿ ಅದು ತಯಾರಾದ ಕಾರಿನೊಳಗೆ ಬಂತು. ಮುಂಭಾಗ ಕುಸಿಯದಿದ್ದರೆ ಒಳಗಿರುವ ಮನುಷ್ಯನೇ ಪೆಟ್ಟು ತಿನ್ನುತ್ತಾನೆ. ಉದ್ದಕ್ಕೆ ಮಡಚಿಕೊಂಡು ಕುಸಿದರೆ ಲಾಂಗ್ ಮೆಂಬರ್ ತನ್ನ ಕೆಲಸ ಮಾಡಿದೆ ಎಂದರ್ಥ. ನಡುವೆ ಬಾಗಿ ಕುಸಿದರೆ ಹೀರದೆ ಉಳಿದ ಶಕ್ತಿ ಡ್ಯಾಶ್ ಕಡೆಗೆ, ಚಾಲಕನ ಕಾಲಿನ ಕಡೆಗೆ ನುಗ್ಗುತ್ತದೆ. ಹೀಗಿರುವಾಗ ಕಾರು ಕ್ರ್ಯಾಶ್ ಆಯಿತೆಂದೇ ಇಟ್ಟುಕೊಂಡರೂ, ಆ ಮಾತು ಡಿಸೈನರ್‌ಗೆ ಏನನ್ನೂ ತಿಳಿಸುವುದಿಲ್ಲ.

ಮಧ್ಯಾಹ್ನದ ಸಭೆಯಲ್ಲಿ ಪ್ರೋಗ್ರಾಂ ಮ್ಯಾನೇಜರ್ ಎಲ್ಲವನ್ನೂ ಕೇಳಿ, ಹೋದ ಸಮಯವನ್ನು ತುಂಬಿಕೊಳ್ಳಲು ಮುಂದಿನ ರನ್‌ಗಳನ್ನು ಕ್ರ್ಯಾಶ್ ಮಾಡಬೇಕೆಂದರು. 1950ರ ದಶಕದ ಕೊನೆಯಲ್ಲಿ ಡ್ಯೂಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಸಂಸ್ಥೆಗಳವರು ರೂಪಿಸಿದ ಸಿಪಿಎಂ ಎಂಬ ಕೆಲಸದ ವೇಳಾಪಟ್ಟಿ ಹಾಕುವ ಪದ್ಧತಿಯಿಂದ ಬಂದ ಬಳಕೆ ಅದು. ರಾಸಾಯನಿಕ ಘಟಕ ಕಟ್ಟುವಲ್ಲಿ, ದುರಸ್ತಿ ಮಾಡುವಲ್ಲಿ ಅದಕ್ಕೆ ಅರ್ಥವಿದೆ. ನಮ್ಮ ರನ್‌ಗೆ ಅದು ಹೊಂದುವುದಿಲ್ಲ. ಉಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್. ಶಬ್ದ ಒಂದು ಎಲಿಮೆಂಟನ್ನು ದಾಟುವ ಕಾಲಕ್ಕಿಂತ ದೊಡ್ಡ ಹೆಜ್ಜೆಯನ್ನು ಸಾಲ್ವರ್ ಇಡುವಂತಿಲ್ಲ. ಆದ್ದರಿಂದ 5 ಮಿ.ಮೀ. ಮೆಶ್‌ನಲ್ಲಿ ಸಾಲ್ವರ್ ಒಂದು ಹೆಜ್ಜೆಗೆ ಸುಮಾರು ಒಂದು ಮೈಕ್ರೋಸೆಕೆಂಡ್ ಮಾತ್ರ ಮುಂದೆ ಹೋಗಬಲ್ಲದು. 120 ಮಿಲಿಸೆಕೆಂಡಿನ ಘಟನೆಗೆ ಕಡಿಮೆಯೆಂದರೂ 1,20,000 ಹೆಜ್ಜೆಗಳು. ಒಂದು ಮಿತಿಯಾಚೆ ಕೋರ್‌ಗಳನ್ನು ಹೆಚ್ಚಿಸಿದರೆ ಅವು ಪರಸ್ಪರ ಮಾಹಿತಿ ಹಂಚಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ. ಮಾಸ್ ಸ್ಕೇಲಿಂಗ್ ಹೆಚ್ಚಿಸಿ ಹೆಜ್ಜೆಯನ್ನು ದೊಡ್ಡದು ಮಾಡಬಹುದು, ಆದರೆ ಆಗ ಇಲ್ಲದ ತೂಕವನ್ನು ಕಾರಿಗೆ ಹೇರಿದಂತಾಗುತ್ತದೆ. ಇದನ್ನು ಒಪ್ಪಿಸುವಷ್ಟರಲ್ಲಿ ಸಭೆಯ ಸಮಯ ಮುಗಿದಿತ್ತು.

ಅಂದಿನಿಂದ ನಮ್ಮ ಸ್ಟೇಟಸ್ ಮೇಲ್‌ಗಳಲ್ಲಿ ಆ ಪದವಿಲ್ಲ. ರನ್ ಪೂರ್ಣಗೊಂಡಿತೋ ನಿಂತಿತೋ, ನಿಂತಿದ್ದರೆ ಯಾವ ಭಾಗದ ಯಾವ ದೋಷಕ್ಕೆ, ಅಷ್ಟರೊಳಗೆ ಬಾಡಿಯ ಬಗ್ಗೆ ಏನಾದರೂ ಹೇಳಲು ಸಾಧ್ಯವೋ ಇಲ್ಲವೋ ಎಂಬುದನ್ನು ಬಿಡಿಸಿ ಬರೆಯುತ್ತೇವೆ. ಹೇಳಲು ಏನೂ ಇಲ್ಲದಿದ್ದರೆ ‘ಡಿಸೈನ್ ಕುರಿತು ಯಾವ ತೀರ್ಮಾನವೂ ಇಲ್ಲ’ ಎಂದು ಮೊದಲ ಸಾಲಿನಲ್ಲೇ ಇರುತ್ತದೆ. ಆದರೆ ಪ್ರೋಗ್ರಾಂ ಟ್ರ್ಯಾಕರ್‌ನಲ್ಲಿ ‘ಕ್ರ್ಯಾಶ್ ಸ್ಟೇಟಸ್’ ಎಂಬ ಕಾಲಂ ಇಂದಿಗೂ ಇದೆ, ಅದರೊಳಗೆ ಕೆಂಪು, ಹಳದಿ, ಹಸಿರು ಬಿಟ್ಟು ಬೇರೇನನ್ನೂ ತುಂಬಲಾಗುವುದಿಲ್ಲ. ಸಾಲ್ವರ್ ನಿಂತರೂ ಕೆಂಪು, ಮುಂದಿನ ಗಾಜಿನ ಪಕ್ಕದ ಕಂಬವಾದ ಎ-ಪಿಲ್ಲರ್ ಬಾಗಿದರೂ ಕೆಂಪು. ಅದನ್ನು ಎರಡು ಕಾಲಂ ಮಾಡಿಕೊಡಿ ಎಂದು ಲಿಖಿತವಾಗಿ ಕೇಳಿದ್ದೇವೆ. ಟೆಂಪ್ಲೇಟ್ ಬದಲಿಸುವ ಅಧಿಕಾರ ಹೆಡ್ ಆಫೀಸಿನದು ಎಂಬ ಉತ್ತರ ಬಂದಿದೆ.