ಪೇತ್ರನಿಗೆ ಸಿಕ್ಕ ಎರಡನೇ ಬೆಂಕಿ

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಬೆಳಗಾವಿ ಕ್ಯಾಂಪ್‌ನ ಫಾತಿಮಾ ಕೆಥೆಡ್ರಲ್‌ನಲ್ಲಿ ಸಾಲು ನಿಧಾನವಾಗಿ ಸಾಗುತ್ತದೆ. ಹಿಂದಿನ ವರ್ಷ ಗರಿಗಳ ಭಾನುವಾರ ಹಿಡಿದಿದ್ದ ಗರಿಗಳನ್ನೇ ಸುಟ್ಟು ಮಾಡಿದ ಬೂದಿ ಅದು. ಫಾದರ್ ಹೆಬ್ಬೆರಳಿನಿಂದ ಹಣೆಗೆ ಶಿಲುಬೆ ಗುರುತು ಹಾಕುತ್ತಾರೆ. ಪಶ್ಚಾತ್ತಾಪಪಡು, ಶುಭಸಂದೇಶವನ್ನು ನಂಬು ಎನ್ನುತ್ತಾರೆ. ಆ ಹಣೆ ಹೊತ್ತುಕೊಂಡೇ ಬಸ್ ಹತ್ತಿದರೂ ಯಾರೂ ತಿರುಗಿ ನೋಡುವುದಿಲ್ಲ. ಹಣೆಯ ಮೇಲಿನ ಬೂದಿ ನಮ್ಮ ಈ ಕಡೆಯವರಿಗೆ ಹೊಸದೇನಲ್ಲ.

ಅಲ್ಲಿಂದ ಈಸ್ಟರ್‌ವರೆಗೆ, ಭಾನುವಾರ ಬಿಟ್ಟು, 40 ದಿನ ತಪಸ್ಸು ಕಾಲ. ಶುಕ್ರವಾರ ಮಾಂಸ ಇಲ್ಲ. ಸಂಜೆ ಶಿಲುಬೆ ಹಾದಿ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಪ್ರಾರ್ಥನೆ. ಇವೆಲ್ಲ ಹೇಗೋ ನಡೆದುಬಿಡುತ್ತವೆ. ಕಷ್ಟ ಆಗುವುದು ಪಾಪನಿವೇದನೆಗೆ, ಅಂದರೆ ಮಾಡಿದ ತಪ್ಪುಗಳನ್ನು ಫಾದರ್ ಮುಂದೆ ಹೇಳಿಕೊಂಡು ದೇವರ ಕ್ಷಮೆ ಕೇಳಲು, ಹೋಗುವುದು. ತುಂಬಾ ಜನ ಅದನ್ನು ಮುಂದೂಡುತ್ತಲೇ ಇರುತ್ತಾರೆ. ದೇವರ ಮೇಲೆ ನಂಬಿಕೆ ಇಲ್ಲದೆ ಅಲ್ಲ. ನಾಚಿಕೆ, ಅಷ್ಟೇ.

ನಾಚಿಕೆ ಅಂದರೆ ನನಗೆ ಮೊದಲು ನೆನಪಾಗುವುದು ಯೇಸುವಿನ ಶಿಷ್ಯ ಪೇತ್ರ. ಯೇಸುಸ್ವಾಮಿಯನ್ನು ಹಿಡಿದುಕೊಂಡು ಹೋದ ರಾತ್ರಿ ಚಳಿ ಇತ್ತು. ಪ್ರಧಾನಯಾಜಕನ ಅಂಗಳದಲ್ಲಿ ಆಳುಗಳು ಇದ್ದಿಲ ಬೆಂಕಿ ಹಾಕಿಕೊಂಡು ಮೈ ಕಾಯಿಸುತ್ತಿದ್ದರು. ಪೇತ್ರನೂ ಅವರ ಜೊತೆ ನಿಂತ. ಆ ಯೇಸು ಯಾರೆಂದು ನನಗೆ ಗೊತ್ತೇ ಇಲ್ಲ ಎಂದು ಮೂರು ಸಲ ಹೇಳಿದ. ಕೋಳಿ ಕೂಗಿತು. ಯೇಸು ತಿರುಗಿ ಅವನನ್ನು ನೋಡಿದರು ಎಂದು ಶುಭಸಂದೇಶದಲ್ಲಿ ಲೂಕ ಬರೆಯುತ್ತಾನೆ. ಬೈದರು ಎಂದಿಲ್ಲ, ನೋಡಿದರು ಅಷ್ಟೇ. ಪೇತ್ರ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ.

ಅದೇ ಹೊತ್ತಿನಲ್ಲಿ, ಹಣಕ್ಕಾಗಿ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನೂ ನೊಂದಿದ್ದ. ಇದನ್ನು ನಾವು ಮರೆತುಬಿಡುತ್ತೇವೆ. ತಪ್ಪು ಮಾಡಿದೆ ಎಂದು ಅವನೂ ಬಾಯಿಬಿಟ್ಟು ಹೇಳಿದ. 30 ಬೆಳ್ಳಿ ನಾಣ್ಯಗಳನ್ನು ವಾಪಸ್ ತಂದ. ಆದರೆ ಹೇಳಿಕೊಂಡದ್ದು ಯಾರ ಹತ್ತಿರ? ಹಣ ಕೊಟ್ಟು ಕೆಲಸ ಮಾಡಿಸಿಕೊಂಡವರ ಹತ್ತಿರ. ಅದು ನಿನ್ನ ಪಾಡು, ನಮಗೇನು ಎಂದರು ಅವರು. ಅವನ ಜೀವ ಅಲ್ಲೇ ಒಡೆದುಹೋಯಿತು, ಹೋಗಿ ಪ್ರಾಣ ಕಳೆದುಕೊಂಡ. ಅವನ ದುಃಖ ಪೇತ್ರನ ದುಃಖಕ್ಕಿಂತ ಕಡಿಮೆ ಇತ್ತು ಎಂದು ನನಗೆ ಅನಿಸುವುದಿಲ್ಲ. ಪೇತ್ರ ಅತ್ತ ಮೇಲೂ ಉಳಿದ ಶಿಷ್ಯರನ್ನು ಬಿಟ್ಟು ಹೋಗಲಿಲ್ಲ. ಸಮಾಧಿ ಬರಿದಾಗಿದೆ ಎಂಬ ಸುದ್ದಿ ಬಂದಾಗ ಎದ್ದು ಓಡಿದ. ಯೂದನಿಗೂ ಆ ಬೆಳಗಿನವರೆಗೆ ಕಾಯಲು ಆಗಿದ್ದರೆ ಎಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ.

ಆಮೇಲಿನ ಕಥೆ ಯೊವಾನ್ನನ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿದೆ. ಪೇತ್ರ ಮತ್ತು ಜೊತೆಗಾರರು ರಾತ್ರಿಯೆಲ್ಲ ಬಲೆ ಬೀಸಿದರೂ ಒಂದು ಮೀನೂ ಸಿಕ್ಕಿರಲಿಲ್ಲ. ಬೆಳಗಾದಾಗ ದಡದಲ್ಲಿ ಸಾವಿನಿಂದ ಎದ್ದುಬಂದ ಯೇಸು. ಪೇತ್ರ ಮೇಲಂಗಿ ಸುತ್ತಿಕೊಂಡು ನೀರಿಗೆ ಹಾರಿದ. ದೋಣಿ ದಡಕ್ಕೆ ಬರುವಷ್ಟು ಪುರುಸೊತ್ತೂ ಅವನಿಗಿರಲಿಲ್ಲ. ದಡ ಹತ್ತಿ ನೋಡಿದರೆ ಮತ್ತೆ ಇದ್ದಿಲ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಮಾಗಿಯಲ್ಲಿ ಜೋಳದ ಹೊಲದಲ್ಲಿ ಸೀತನಿ ಸುಡುವಾಗ ಕೆಂಡದ ಸುತ್ತ ಕೂತವರಿಗೆ ಗೊತ್ತು, ಆ ಹೊಗೆಯ ವಾಸನೆ ಮನೆಗೆ ಬಂದರೂ ಬಟ್ಟೆ ಬಿಡುವುದಿಲ್ಲ. ಪೇತ್ರನಿಗೂ ಆ ಅಂಗಳದ ವಾಸನೆ ಮೂಗಿಗೆ ಬಡಿದಿರಬೇಕು. ಯೇಸು ಮೊದಲು ಊಟಕ್ಕೆ ಕರೆದರು. ಊಟ ಆದಮೇಲೆ ಕೇಳಿದರು, ನನ್ನನ್ನು ಪ್ರೀತಿಸುತ್ತೀಯಾ? ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ಪೇತ್ರನಿಗೆ ನೋವಾಯಿತು. ನೋವಾದರೂ ಉತ್ತರ ಕೊಟ್ಟ. ಕೂಡಲೇ ಕುರಿ ಕಾಯುವ ಕೆಲಸ, ಅಂದರೆ ಯೇಸುವನ್ನು ನಂಬಿದವರನ್ನು ನೋಡಿಕೊಳ್ಳುವ ಹೊಣೆ, ಅವನ ಕೈಗೆ ಬಂತು. ಇನ್ನು ಮೇಲೆ ಹುಷಾರಾಗಿರು ಎಂಬ ಒಂದು ಮಾತೂ ಅಲ್ಲಿಲ್ಲ.

ಪಾಪನಿವೇದನೆಯ ತೆರೆಯ ಮುಂದೆ ಮಂಡಿಯೂರಿದಾಗ ನಾನು ಈ ದಡವನ್ನೇ ನೆನೆಯುತ್ತೇನೆ. ಅಲ್ಲಿ ಹೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ, ಯಾರಿಗೂ ಹೇಳುವಂತಿಲ್ಲ. ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಮ್ಮೆ ಸಾಲಿನಲ್ಲಿ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು, "ನೀ ಹೋಗವಾ ಮುಂದ, ನನ್ನದು ಭಾಳ ಅದ, ಹೊತ್ತಾಗ್ತದ" ಎಂದರು. ಹೊರಗೆ ಬಂದಾಗ ಅವರ ಕಣ್ಣು ಒದ್ದೆ, ಮುಖ ಮಾತ್ರ ಹಗುರ. ಸೆರಗಿನಿಂದ ಮುಖ ಒರೆಸಿಕೊಂಡು ಸೀದಾ ಪೀಠದ ಮುಂದಿನ ಬೆಂಚಿಗೆ ಹೋಗಿ ಕೂತರು.

ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಪಾಪನಿವೇದನೆಯ ಸಾಲು ಉದ್ದ ಇರುತ್ತದೆ. ಅದಕ್ಕೆ ಮುಂಚೆಯೇ ಒಂದು ಸಂಜೆ ಹೋಗಿಬನ್ನಿ. ವರ್ಷಗಟ್ಟಲೆ ಹೋಗಿಲ್ಲ, ಪ್ರಾರ್ಥನೆಯೂ ಮರೆತಿದೆ ಅಂತಿದ್ದರೆ ಅದನ್ನೇ ಮೊದಲು ಹೇಳಿ. ಮುಂದಿನದನ್ನು ಫಾದರ್ ಹೇಳಿಕೊಡುತ್ತಾರೆ.