ಮಂಡಕಳ್ಳಿಯಿಂದ ಹೈದರಾಬಾದಿಗೆ, ರಾಗಿ ಸರಿ ಡಬ್ಬಿ ಸಮೇತ

ಮಂಡಕಳ್ಳಿ ವಿಮಾನ ನಿಲ್ದಾಣ ನನಗೆ ಇಷ್ಟ. ಮೈಸೂರಿನಿಂದ ನಂಜನಗೂಡು ರಸ್ತೆ ಹಿಡಿದರೆ ಬೇಗ ಸಿಕ್ಕಿಬಿಡುತ್ತದೆ. ಬೆಂಗಳೂರಿನಿಂದ ಹಾರಬೇಕೆಂದರೆ ಮಗುವನ್ನು ಎತ್ತಿಕೊಂಡು ಮಂಡ್ಯ, ಮದ್ದೂರು, ರಾಮನಗರ ದಾಟಿ, ಆಮೇಲೆ ಇಡೀ ಬೆಂಗಳೂರನ್ನೂ ದಾಟಬೇಕು. ಇಲ್ಲಿನ ರನ್‌ವೇ 1,740 ಮೀಟರ್ ಅಷ್ಟೇ, ಹಾಗಾಗಿ ಫ್ಯಾನ್ ಇರುವ ಎಟಿಆರ್ ವಿಮಾನಗಳು ಬರುತ್ತವೆ. ಮೂಗು ಮುರಿಯುವವರು ಮುರಿಯಲಿ. ಕ್ಯೂ ಚಿಕ್ಕದಿದ್ದರೆ ನನಗೆ ಸಾಕು.

ತಂಗಿಯ ಮನೆ ಗೃಹಪ್ರವೇಶಕ್ಕೆ ಹೊರಟಿದ್ದೆವು. ಅಮ್ಮ, ನಾನು, ಎಂಟು ತಿಂಗಳ ಮಗ. ಎರಡು ವರ್ಷ ತುಂಬದ ಮಕ್ಕಳಿಗೆ ಬೇರೆ ಸೀಟಿಲ್ಲ, ತೊಡೆಯೇ ಗತಿ. ಆದರೂ ಟಿಕೆಟ್ ಮಾಡಿಸಬೇಕು, ವಯಸ್ಸಿಗೆ ದಾಖಲೆ ಇಟ್ಟುಕೊಂಡಿರಬೇಕು.

ತಪಾಸಣೆಯಲ್ಲಿ ನಮ್ಮ ಬ್ಯಾಗು ಪಕ್ಕಕ್ಕೆ ಹೋಯಿತು. ಅಲ್ಲಿದ್ದ ಹುಡುಗಿ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆಸಿದಳು.

"ಏನಮ್ಮ ಈ ಪುಡಿ?"

"ರಾಗಿ ಸರಿ ಹಿಟ್ಟು ಕಣವ್ವ. ಕೂಸಿಗೆ," ಅಂದರು ಅಮ್ಮ.

ಅವಳು ಮೂಸಿ ನೋಡಿದಳು. "ಮೊಳಕೆ ಕಟ್ಟಿ ಮಾಡಿದ್ರಾ?"

ಅಷ್ಟು ಕೇಳಿದ್ದೇ ತಡ. ರಾಗಿ ನೆನೆಹಾಕಿದ್ದು, ಬಟ್ಟೆಯಲ್ಲಿ ಕಟ್ಟಿದ್ದು, ನೆರಳಲ್ಲಿ ಒಣಗಿಸಿ ಹುರಿದದ್ದು, ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜಾಲಿಸಿದ್ದು, ಎಲ್ಲಾ ಬಂತು.

"ನಾನು ಮಾಡಿದ್ರೆ ಗಂಟಾಯ್ತದೆ ಕಣಮ್ಮ."

"ಕುದಿಯೋ ನೀರಿಗೆ ಸುರಿದ್ರೆ ಗಂಟಾಗ್ದೆ ಇನ್ನೇನಾಯ್ತದೆ? ತಣ್ಣೀರಲ್ಲಿ ಕದಡ್ಕಂಡು ಆಮೇಲೆ ಒಲೆ ಮೇಲಿಡು. ನಿಂಗೂ ಕೂಸೈತಾ?"

ಇತ್ತು. ಪಾಂಡವಪುರದ ಕಡೆ ಊರಲ್ಲಿ, ಅವಳ ಅವ್ವನ ಹತ್ತಿರ. ರಜೆ ಸಿಕ್ಕಾಗ ಹೋಗಿ ನೋಡಿಕೊಂಡು ಬರುತ್ತಾಳಂತೆ. "ಹೋದ ಸಲ ನನ್ನ ಹತ್ರ ಬರ್ನೇ ಇಲ್ಲ, ಅಜ್ಜೀನೇ ಬೇಕು ಅಂತ ಅತ್ಲು," ಅಂತ ನಕ್ಕಳು. ಮಾತಾಡುತ್ತಲೇ ಬಿಸಿನೀರಿನ ಫ್ಲಾಸ್ಕ್, ಹಾಲಿನ ಬಾಟಲಿ ನೋಡಿ ವಾಪಸ್ ಕೊಟ್ಟಳು. ದಾರಿಗೆ ಬೇಕಾದಷ್ಟು ಮಗುವಿನ ಊಟ ಒಯ್ಯಲು ಬಿಡುತ್ತಾರೆ. "ಒಣಕೊಬ್ಬರಿ ಇಟ್ಟಿಲ್ಲ ತಾನೆ? ಎಣ್ಣೆ ಜಾಸ್ತಿ, ಬೆಂಕಿ ಹಿಡಿತದೆ ಅಂತ ಬಿಡಲ್ಲ." ಗೃಹಪ್ರವೇಶಕ್ಕೆ ಅಂತ ತಿಪಟೂರು ಕೊಬ್ಬರಿ ತರಲು ಹೊರಟಿದ್ದ ಅಮ್ಮ ನನ್ನ ಮುಖ ನೋಡಿದರು. ಪುಣ್ಯಕ್ಕೆ ಅದು ಮನೆಯಲ್ಲೇ ಉಳಿದಿತ್ತು.

ಹಿಂದಿದ್ದವರು ಕೆಮ್ಮಿದರು. ಅವಳು ನನ್ನ ಕಡೆ ತಿರುಗಿದಳು. "ಅಕ್ಕಾ, ಮೇಲೇರೋವಾಗ, ಇಳಿಯೋವಾಗ ಹಾಲು ಕುಡಿಸಿ. ನುಂಗ್ತಾ ಇದ್ರೆ ಕಿವಿ ನೋಯಲ್ಲ."

"ನೀನೂ ಮಗು ಕರ್ಕೊಂಡು ಹೋಗಿದ್ದೀಯಾ?"

"ನಾನೇ ಹತ್ತಿಲ್ಲ ಅಕ್ಕಾ. ದಿನಾ ಕಳ್ಸೋದೇ."

ಅವಳು ಹೇಳಿದ ಹಾಗೇ ಮಾಡಿದೆ. ವಿಮಾನ ಮೇಲೇರುವಾಗ ಹುಡುಗ ಕುಡಿಯುತ್ತಲೇ ನಿದ್ದೆ ಹೋದ.

ಸಿಟ್ಟು ಇನ್ನೂ ಇರುವುದು ಬೇರೆ ವಿಷಯಕ್ಕೆ. ವಿಮಾನದ ಮೆಟ್ಟಿಲ ಹತ್ತಿರ ಸಿಬ್ಬಂದಿಯೊಬ್ಬರು, ಮೇಲಿನ ಗೂಡು ಚಿಕ್ಕದು ಅಂತ ನಮ್ಮ ಬ್ಯಾಗು ಕಿತ್ತುಕೊಂಡು ಲಗೇಜಿಗೆ ಹಾಕಿಸಿದರು. ತೂಕ ಏಳು ಕೆಜಿಯೊಳಗೇ ಇತ್ತು. ಮಗುವಿನ ಸಾಮಾನು ಅಂದರೂ ಕೇಳಲಿಲ್ಲ. "ಸ್ವಲ್ಪ ಹೊತ್ತು ತಾನೆ ಮೇಡಂ" ಅಂದರು. ಆ ಸ್ವಲ್ಪ ಹೊತ್ತಿನಲ್ಲೇ ಹುಡುಗ ಎದ್ದು, ಡೈಪರ್ ತುಂಬಿಸಿ, ನನ್ನ ಚೂಡಿದಾರವನ್ನೂ ನೆನೆಸಿದ. ಇಕ್ಕಟ್ಟಿನ ಶೌಚಾಲಯದಲ್ಲಿ ನಾನೊಬ್ಬಳು ತಿರುಗುವುದೇ ಕಷ್ಟ. ಅಮ್ಮನ ವ್ಯಾನಿಟಿ ಬ್ಯಾಗಿನಲ್ಲಿ ಹಳೇ ಕಾಟನ್ ಸೀರೆಯ ತುಂಡುಗಳಿದ್ದವು, ಹೈದರಾಬಾದ್‌ವರೆಗೆ ಅದೇ ಲಂಗೋಟಿ.

ಸಣ್ಣ ವಿಮಾನದಲ್ಲಿ ಹೋಗುವ ತಾಯಂದಿರೇ, ಎರಡು ಡೈಪರ್, ಒರೆಸುವ ಬಟ್ಟೆ, ಒಂದು ಜೊತೆ ಉಡುಪು, ಒಂದು ಹೊತ್ತಿನ ಊಟ, ಮಗುವಿನ ಔಷಧಿ, ಇಷ್ಟನ್ನು ಬೇರೆ ಬಟ್ಟೆಚೀಲದಲ್ಲಿ ಹೆಗಲಿಗೆ ಹಾಕಿಕೊಳ್ಳಿ. ನಿಮಗೂ ಒಂದು ಟಾಪ್ ಇರಲಿ. ಯಾರು ಕೇಳಿದರೂ ಆ ಚೀಲ ಬಿಡಬೇಡಿ.

ಗೃಹಪ್ರವೇಶ ಚೆನ್ನಾಗಾಯಿತು, ಊಟದಲ್ಲಿ ಖಾರ ಜಾಸ್ತಿ. ವಾಪಸ್ ಕಾಚಿಗುಡದ ರೈಲಿನಲ್ಲಿ ಬಂದೆವು. ಬ್ಯಾಗು ಸೀಟಿನ ಕೆಳಗೇ ಇತ್ತು, ಆದರೂ ಅಮ್ಮ ಗೊಣಗಿದರು. ವಿಮಾನದಲ್ಲೇ ಬಂದಿದ್ದರೆ ಆ ಹುಡುಗಿಗೆ ಸರಿ ಗಂಟಾಯಿತೋ ಇಲ್ಲವೋ ಕೇಳಬಹುದಿತ್ತಂತೆ.